ಗಾಜಿನಲ್ಲಿ ಸಾಯುವ ಫಂಗಸ್ ಮೈಯಲ್ಲಿ ಏಕೆ ಸಾಯದು?

ಫಂಗಸ್ ಸೋಂಕು ಮತ್ತು ಅದರ ಔಷಧಗಳ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತೊಡೆಸಂದಿಯಲ್ಲಿ ಹುಳುಕಡ್ಡಿ ಶುರುವಾಗಿ ಎಂಟು ತಿಂಗಳಾಯಿತು. ಲ್ಯಾಬಿನಲ್ಲಿ ಕಲ್ಚರ್ ಮಾಡಿಸಿದಾಗ ‘ಟರ್ಬಿನಫೈನ್: ಸೆನ್ಸಿಟಿವ್’ ಎಂದು ಬಂತು. ಆರು ವಾರ ಮಾತ್ರೆ ನುಂಗಿದೆ, ಟ್ಯೂಬೂ ಹಚ್ಚಿದೆ. ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ರಿಪೋರ್ಟ್ ಸುಳ್ಳೇ? (ದಾವಣಗೆರೆ)

ಉತ್ತರ: ಸುಳ್ಳೆಂದು ಹೇಳುವ ಮೊದಲು ಆ ಪರೀಕ್ಷೆಯಲ್ಲಿ ಏನು ನಡೆಯಿತು ಎಂಬುದನ್ನು ನೋಡಬೇಕು. ನಿಮ್ಮ ಚರ್ಮದ ಹೊಟ್ಟಿನಿಂದ ಬೆಳೆಸಿದ ಫಂಗಸ್ಸಿನ ಬೀಜಕಣಗಳನ್ನು ಪೋಷಕ ದ್ರವದಲ್ಲಿ ಬಿಟ್ಟು, ಅದರಲ್ಲೇ ಔಷಧ ಬೆರೆಸಿ, 35 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟಿರುತ್ತಾರೆ. ಅಲ್ಲಿ ಪ್ರತಿ ಕಣವೂ ಹಗಲೂ ರಾತ್ರಿ ಔಷಧದಲ್ಲೇ ಮುಳುಗಿರುತ್ತದೆ. ನಿಮ್ಮ ಮೈಯಲ್ಲಿ ಅದೇ ಫಂಗಸ್ ಇರುವುದು ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ. ರಕ್ತ ಅಲ್ಲಿಗೆ ಹರಿಯುವುದೇ ಇಲ್ಲ. ನುಂಗಿದ ಔಷಧ ಕೆಳಗಿನ ಜೀವಂತ ಕೋಶಗಳ ಮೂಲಕ, ಚರ್ಮದ ಜಿಡ್ಡಿನ ಮೂಲಕ ನಿಧಾನವಾಗಿ ಮೇಲೇರಬೇಕು. ರಿಪೋರ್ಟ್ ಹೇಳುವುದು ‘ಔಷಧ ತಾಗಿದರೆ ಈ ಫಂಗಸ್ ಬೆಳೆಯದು’ ಎಂದಷ್ಟೇ. ತಾಗುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಮುಖ್ಯ ವಿಷಯ. ಕ್ಯಾಂಡಿಡಾದಂಥ ಯೀಸ್ಟಿಗೆ ಇರುವಷ್ಟು ಗಟ್ಟಿಯಾದ, ಸೆನ್ಸಿಟಿವ್ ಯಾವುದು, ಔಷಧಕ್ಕೆ ಬಗ್ಗದ ರೆಸಿಸ್ಟೆಂಟ್ ಯಾವುದು ಎಂದು ಬೇರ್ಪಡಿಸುವ ಗಡಿಸಂಖ್ಯೆಗಳು ಹುಳುಕಡ್ಡಿಯ ಫಂಗಸ್ಸಿಗೆ ಇಲ್ಲ. ಆದ್ದರಿಂದ ‘ಸೆನ್ಸಿಟಿವ್’ ಎಂಬ ಪದವನ್ನು ಬಿಟ್ಟು ಲ್ಯಾಬಿನವರನ್ನು ಸಂಖ್ಯೆ ಕೇಳಿ. ಬೆಳವಣಿಗೆಯನ್ನು ತಡೆಯುವ ಅತಿ ಕಡಿಮೆ ಪ್ರಮಾಣಕ್ಕೆ ಎಂಐಸಿ ಎನ್ನುತ್ತಾರೆ. ಟರ್ಬಿನಫೈನ್‌ಗೆ ಅದು ಮಿಲಿಲೀಟರಿಗೆ 0.03 ಮೈಕ್ರೊಗ್ರಾಂ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಫಂಗಸ್ ಔಷಧಕ್ಕೆ ಬಗ್ಗುತ್ತದೆ ಎನ್ನಬಹುದು. 0.5, 1, 8 ಎಂದೆಲ್ಲ ಇದ್ದರೆ ಪದ ಏನೇ ಇರಲಿ, ಅನುಮಾನ ಪಡಲೇಬೇಕು. ಬಿಲ್ಲೆ ಇಟ್ಟು ಸುತ್ತಲಿನ ಖಾಲಿ ಜಾಗ ಅಳೆಯುವ ವಿಧಾನದಲ್ಲಿ ಪರೀಕ್ಷೆ ಆಗಿದ್ದರೆ ಈ ಫಂಗಸ್ ಮಟ್ಟಿಗೆ ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ.

ನಮ್ಮ ದೇಶದಲ್ಲಿ ಹಬ್ಬಿರುವ ತಳಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂಬ ಪ್ರತ್ಯೇಕ ಹೆಸರು ಬಂತು. ಅದಕ್ಕೆ ಮೊದಲು ಇದನ್ನು ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪಿನಲ್ಲೇ ಸೇರಿಸುತ್ತಿದ್ದರು. ಟರ್ಬಿನಫೈನ್ ಹೋಗಿ ಕೂರುವುದು ಫಂಗಸ್ಸಿನ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವದ ಮೇಲೆ. ಈ ತಳಿಯ ಹಲವು ಮಾದರಿಗಳಲ್ಲಿ ಆ ಕಿಣ್ವದ 397ನೇ ಸ್ಥಾನದಲ್ಲಿ ಫಿನೈಲ್‌ಅಲನಿನ್ ಇರಬೇಕಾದಲ್ಲಿ ಲ್ಯೂಸಿನ್ ಇರುತ್ತದೆ. ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಔಷಧಕ್ಕೆ ಕೂರಲು ಜಾಗವೇ ಸಿಗದು. ಆಗ ಮಾತ್ರೆಯ ಪ್ರಮಾಣ ಹೆಚ್ಚಿಸಿಯೂ ಉಪಯೋಗವಿಲ್ಲ.

ಸಂಖ್ಯೆ ನಿಜಕ್ಕೂ ಕಡಿಮೆ ಇದ್ದೂ ವಾಸಿಯಾಗದಿದ್ದರೆ ನೀವು ಹಚ್ಚುತ್ತಿರುವ ಟ್ಯೂಬನ್ನು ತಿರುಗಿಸಿ ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್ ಎಂದು ಇದ್ದರೆ ಅದು ಸ್ಟೀರಾಯ್ಡ್. ಮೂರೇ ದಿನದಲ್ಲಿ ತುರಿಕೆ, ಕೆಂಪು ಇಳಿಯುತ್ತದೆ. ಆದರೆ ಇಳಿದದ್ದು ಫಂಗಸ್ಸಿನ ವಿರುದ್ಧ ಕಾದಾಡುತ್ತಿದ್ದ ನಿಮ್ಮದೇ ಚರ್ಮದ ರಕ್ಷಣೆ. ಉಂಗುರದ ಅಂಚು ಮಾಸಿ, ಸೋಂಕು ಸದ್ದಿಲ್ಲದೆ ಅಗಲವಾಗುತ್ತದೆ. ಇಂಥ ಮಿಶ್ರಣದ ಟ್ಯೂಬುಗಳು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿರುವುದು ನಮ್ಮಲ್ಲಿನ ದೊಡ್ಡ ಅನಾಹುತ. ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ನಿಲ್ಲಿಸಿದ ಮೇಲೆ ಕೆಲವು ದಿನ ಉರಿ, ಕೆಂಪು ಜೋರಾಗುತ್ತದೆ. ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈಹಾಕಬೇಡಿ, ಚರ್ಮವೈದ್ಯರ ಬಳಿ ಹೋಗಿ.

ಅವರು ಇಟ್ರಕೊನಜೋಲ್ ಬರೆದರೆ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟವಾದ ತಕ್ಷಣ ನುಂಗಿ. ಅದು ಕರಗಲು ಜಠರದ ಹುಳಿ ಬೇಕು. ಗ್ಯಾಸ್ ಎಂದು ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆಗಳಿದ್ದರೆ ಮೊದಲೇ ಹೇಳಿ. ಮನೆಯಲ್ಲಿ ಯಾರಿಗೆ ತುರಿಕೆಯಿದ್ದರೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು, ಟವೆಲ್ ಬೇರೆ ಬೇರೆ ಇರಬೇಕು. ಮತ್ತೆ ಕಲ್ಚರಿಗೆ ಕೊಡುವುದಾದರೆ, ವೈದ್ಯರನ್ನು ಕೇಳಿಕೊಂಡು ಒಂದೆರಡು ವಾರ ಮುಲಾಮು ನಿಲ್ಲಿಸಿ ಕೊಡಿ. ಹೊಟ್ಟಿನಲ್ಲಿ ಉಳಿದ ಮುಲಾಮು ಪ್ಲೇಟಿನಲ್ಲೂ ಫಂಗಸ್ ಏಳದಂತೆ ಮಾಡುತ್ತದೆ.

ಪ್ರಶ್ನೆ: ಕ್ಯಾಂಡಿಡಾ ಆಲ್ಬಿಕಾನ್ಸ್ ಮೇಲೆ ಫ್ಲುಕೊನಜೋಲ್‌ನ ಎಂಐಸಿ ನೋಡುವುದು ನನ್ನ ಪ್ರಾಜೆಕ್ಟ್. ಮಾತ್ರೆ ಪುಡಿ ಮಾಡಿ ಕರಗಿಸಿ 96 ಗುಳಿಯ ಪ್ಲೇಟಿನಲ್ಲಿ ಹಾಕಿದೆ. 48 ಗಂಟೆಗೆ ನೋಡಿದರೆ ಎಲ್ಲ ಗುಳಿಗಳೂ ಮಬ್ಬು. ಹಾಗಾದರೆ ಇದು ರೆಸಿಸ್ಟೆಂಟ್ ತಳಿಯೇ? (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೀವು ಬರೆದಿರುವ ಎರಡು ಸಂಗತಿಗಳಲ್ಲೇ ಎರಡು ತಪ್ಪುಗಳಿವೆ. ತಳಿಯ ಮೇಲೆ ಅಪವಾದ ಹೊರಿಸುವ ಮುನ್ನ ಅವನ್ನು ಸರಿಮಾಡಿ.

ಮಾತ್ರೆಯಲ್ಲಿ ಔಷಧದ ಜೊತೆ ಹಿಟ್ಟು, ಅಂಟು, ಬಣ್ಣ ಇರುತ್ತವೆ. ಅವು ಕರಗದೆ ಗುಳಿಯ ತಳದಲ್ಲಿ ಕೂತರೆ ನಿಮ್ಮ ಕಣ್ಣಿಗೆ ಅದೇ ಬೆಳವಣಿಗೆಯಂತೆ ಕಾಣುತ್ತದೆ. ತೂಕದ ಲೆಕ್ಕವೂ ಕೆಡುತ್ತದೆ. ಶುದ್ಧ ಪುಡಿಯನ್ನೇ ತರಿಸಿ. ಅದರ ಸೀಸೆಯ ಮೇಲೆ ಒಂದು ಮಿಲಿಗ್ರಾಂನಲ್ಲಿ ಎಷ್ಟು ಮೈಕ್ರೊಗ್ರಾಂ ಔಷಧ ಎಂದು ಬರೆದಿರುತ್ತದೆ. 1000 ಎಂದಿದ್ದರೆ 12.8 ಮಿಲಿಗ್ರಾಂ ತೂಗಿ 10 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ, ಮಿ.ಲೀ.ಗೆ 1280 ಮೈಕ್ರೊಗ್ರಾಂ ಆಯಿತು. 980 ಎಂದಿದ್ದರೆ ಅದಕ್ಕೆ ತಕ್ಕಂತೆ ತೂಕ ಹೆಚ್ಚಿಸಿ. ಇಟ್ರಕೊನಜೋಲ್, ಆಂಫೊಟೆರಿಸಿನ್ ಆದರೆ ನೀರಿನಲ್ಲಿ ಕರಗವು, ಡಿಎಂಎಸ್‌ಒ ಎಂಬ ದ್ರಾವಕ ಬೇಕು. ಕೊನೆಗೆ ಗುಳಿಯಲ್ಲಿ ಅದು ಶೇ. 1 ದಾಟಬಾರದು, ದಾಟಿದರೆ ಯೀಸ್ಟನ್ನು ದ್ರಾವಕವೇ ತಡೆಯುತ್ತದೆ.

ಮಾಧ್ಯಮ ಆರ್‌ಪಿಎಂಐ 1640: ಗ್ಲುಟಮಿನ್ ಇರಬೇಕು, ಬೈಕಾರ್ಬೊನೇಟ್ ಇರಬಾರದು. ಲೀಟರಿಗೆ 34.53 ಗ್ರಾಂ ಮಾಪ್ಸ್ ಬಫರ್ ಹಾಕಿ ಪಿಎಚ್ 7.0ಗೆ ತಂದು ಸೋಸಿ. ಔಷಧದ ದ್ರಾವಣವನ್ನು ಇದರಲ್ಲಿ ಹತ್ತು ಪಟ್ಟು ತೆಳು ಮಾಡಿದರೆ 128 ಆಗುತ್ತದೆ. ಅದನ್ನು 1ನೇ ಸಾಲಿನ ಗುಳಿಗೆ 200 ಮೈಕ್ರೊಲೀಟರ್ ಹಾಕಿ. 2ರಿಂದ 11ರವರೆಗೆ ಬರೀ ಮಾಧ್ಯಮ 100. ಈಗ 1ರಿಂದ 100 ತೆಗೆದು 2ಕ್ಕೆ, ಕಲಸಿ 3ಕ್ಕೆ, ಹೀಗೆ 10ರವರೆಗೆ. 10ರಿಂದ 100 ಹೊರಚೆಲ್ಲಿ. ಪ್ರತಿ ಸಲ ಟಿಪ್ ಬದಲಿಸಿ. ಒಂದೇ ಟಿಪ್ಪಿನಲ್ಲಿ ಎಳೆದುಕೊಂಡು ಹೋದರೆ ಗೋಡೆಗೆ ಅಂಟಿದ ಔಷಧ ಮುಂದಿನ ಗುಳಿಗಳಿಗೆ ಸಾಗಿ, ಸಂಖ್ಯೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಯೀಸ್ಟಿನ ಪ್ರಮಾಣದಲ್ಲಿ ಎಡವುವವರೇ ಹೆಚ್ಚು. ಸಬುರೊ ಅಗರ್ ಮೇಲೆ 24 ಗಂಟೆ ಬೆಳೆದ, ಒಂದು ಮಿಲಿಮೀಟರ್ ಅಗಲದ ಐದು ಕಾಲೊನಿಗಳನ್ನು 5 ಮಿ.ಲೀ. ಸಲೈನಿನಲ್ಲಿ ಕಲಸಿ, 15 ಸೆಕೆಂಡ್ ವೋರ್ಟೆಕ್ಸ್ ಮಾಡಿ, 530 ನ್ಯಾನೊಮೀಟರಿನಲ್ಲಿ 0.5 ಮ್ಯಾಕ್‌ಫರ್ಲೆಂಡ್ ಮಬ್ಬಿಗೆ ಹೊಂದಿಸಿ. ಇದರಲ್ಲಿ ಮಿ.ಲೀ.ಗೆ 10ರಿಂದ 50 ಲಕ್ಷ ಕೋಶಗಳಿರುತ್ತವೆ. ಮೊದಲು 50 ಪಟ್ಟು, ಆಮೇಲೆ ಮಾಧ್ಯಮದಲ್ಲಿ 20 ಪಟ್ಟು ತೆಳು ಮಾಡಿ 1ರಿಂದ 11ರವರೆಗೆ 100 ಮೈಕ್ರೊಲೀಟರ್ ಹಾಕಿ. ಈಗ ಔಷಧ 64ರಿಂದ 0.125ರವರೆಗೆ ಇಳಿಯುತ್ತದೆ, ಕೋಶಗಳು ಮಿ.ಲೀ.ಗೆ 500ರಿಂದ 2500. 11ನೆಯದು ಔಷಧವಿಲ್ಲದ ಬೆಳವಣಿಗೆ, 12ರಲ್ಲಿ ಬರೀ ಮಾಧ್ಯಮ. 12 ಮಬ್ಬಾದರೆ ಇಡೀ ಪ್ಲೇಟನ್ನೇ ಬಿಸಾಡಿ. 20 ಪಟ್ಟಿನ ಹಂತ ಮರೆತರೆ ಕೋಶಗಳು ಇಪ್ಪತ್ತು ಪಟ್ಟಾಗಿ ಎಲ್ಲ ಗುಳಿಯೂ ಮಬ್ಬಾಗುತ್ತದೆ. ನಿಮ್ಮಲ್ಲಿ ಅದೂ ಆಗಿರಬಹುದು.

35 ಡಿಗ್ರಿಯಲ್ಲಿ ಇಟ್ಟು 24 ಗಂಟೆಗೆ ಓದಿ. ಫ್ಲುಕೊನಜೋಲ್‌ಗೆ ಪೂರ್ತಿ ತಿಳಿಯಾದ ಗುಳಿಯನ್ನು ಹುಡುಕಬೇಡಿ. 11ನೇ ಗುಳಿಗೆ ಹೋಲಿಸಿದರೆ ಮಬ್ಬು ಅರ್ಧಕ್ಕೆ ಇಳಿದ ಮೊದಲ ಗುಳಿಯೇ ಎಂಐಸಿ. ಈ ಔಷಧ ಯೀಸ್ಟನ್ನು ಕೊಲ್ಲುವುದಿಲ್ಲ, ತಡೆದು ಹಿಡಿಯುತ್ತದೆ ಅಷ್ಟೆ. ಆಂಫೊಟೆರಿಸಿನ್ ಆದರೆ ಪೂರ್ತಿ ತಿಳಿಯಾಗಲೇಬೇಕು. ಕ್ಯಾಂಡಿಡಾ ಆಲ್ಬಿಕಾನ್ಸ್‌ಗೆ 2 ಅಥವಾ ಕಡಿಮೆ ಬಂದರೆ ಸೆನ್ಸಿಟಿವ್, 4 ಬಂದರೆ ಹೆಚ್ಚಿನ ಡೋಸ್ ಬೇಕು, 8 ಮತ್ತು ಮೇಲಕ್ಕೆ ರೆಸಿಸ್ಟೆಂಟ್. ಪ್ರತಿ ಸಲ ಪಕ್ಕದಲ್ಲಿ, ಉತ್ತರ ಮೊದಲೇ ಗೊತ್ತಿರುವ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ತಳಿಯನ್ನೂ ಓಡಿಸಿ. 24 ಗಂಟೆಗೆ ಅದು 0.5ರಿಂದ 4ರೊಳಗೆ ಬಾರದಿದ್ದರೆ ಅವತ್ತಿನ ಯಾವ ಸಂಖ್ಯೆಯನ್ನೂ ಬರೆದುಕೊಳ್ಳಬೇಡಿ.

ಇನ್ನು 48 ಗಂಟೆಯ ವಿಷಯ. ಕೆಲವು ತಳಿಗಳು 24 ಗಂಟೆಗೆ ಅಚ್ಚುಕಟ್ಟಾಗಿ ತಡೆಯಲ್ಪಟ್ಟು, 48 ಗಂಟೆಗೆ ಎಲ್ಲ ಗುಳಿಗಳಲ್ಲೂ ತೆಳ್ಳಗೆ ಎದ್ದಿರುತ್ತವೆ. ಇದಕ್ಕೆ ಬಾಲ ಬೆಳವಣಿಗೆ, ಅಂದರೆ ಟ್ರೇಲಿಂಗ್ ಎನ್ನುತ್ತಾರೆ. 24 ಗಂಟೆಗೆ 0.25 ಇದ್ದದ್ದು 48ಕ್ಕೆ 64 ಆಗಿಬಿಡುತ್ತದೆ. ಯಾವುದನ್ನು ನಂಬುವುದು? ಇದನ್ನು ಬಗೆಹರಿಸಿದ್ದು ಇಲಿಗಳು. ಇಂಥ ತಳಿಗಳಿಂದ ಸೋಂಕು ತಗಲಿಸಿದ ಇಲಿಗಳಿಗೆ ಫ್ಲುಕೊನಜೋಲ್ ಕೊಟ್ಟಾಗ ಅವು ಸೆನ್ಸಿಟಿವ್ ತಳಿಯ ಇಲಿಗಳಂತೆಯೇ ಚೇತರಿಸಿಕೊಂಡವು. ಮಾಧ್ಯಮವನ್ನು ಹುಳಿಯಾಗಿಸಿ ಪಿಎಚ್ 5ಕ್ಕೆ ಇಳಿಸಿದರೂ ಬಾಲ ಮಾಯವಾಗುತ್ತದೆ. ಆದ್ದರಿಂದ 24 ಗಂಟೆಯದೇ ನಿಜ. ನಿಮ್ಮ ತಳಿ ನಿರಪರಾಧಿಯಾಗಿರುವ ಸಾಧ್ಯತೆ ಬಹಳ.

ಪ್ರಶ್ನೆ: ಇಷ್ಟೆಲ್ಲ ಪ್ಲೇಟಿನಲ್ಲೇ ತಿಳಿಯುವುದಾದರೆ ಇಲಿ, ಗಿನಿಪಿಗ್‌ಗಳನ್ನು ಯಾಕೆ ನೋಯಿಸಬೇಕು? (ಮೈಸೂರು)

ಉತ್ತರ: ಪ್ಲೇಟನ್ನೇ ನಂಬಿದ್ದರೆ ಗ್ರೈಸಿಯೊಫಲ್ವಿನ್ ಎಂಬ ಔಷಧ ನಮಗೆ ಸಿಗುತ್ತಲೇ ಇರಲಿಲ್ಲ. 1939ರಲ್ಲಿ ಒಂದು ಪೆನಿಸಿಲಿಯಂ ಬೂಷ್ಟಿನಿಂದ ಅದನ್ನು ಬೇರ್ಪಡಿಸಿದ್ದರು. ಗಾಜಿನಲ್ಲಿ ಅದರ ಕೆಲಸ ಸಾಧಾರಣ. ಫಂಗಸ್ಸನ್ನು ಕೊಲ್ಲದೆ ಎಳೆಗಳನ್ನು ಸುರುಳಿ ಸುತ್ತಿಸುತ್ತಿತ್ತು. ಸುಮಾರು ಇಪ್ಪತ್ತು ವರ್ಷ ಯಾರಿಗೂ ಅದು ಮನುಷ್ಯರ ಔಷಧವೆನಿಸಲಿಲ್ಲ. 1958ರಲ್ಲಿ ಗ್ಲಾಸ್ಗೋದ ಜೆಂಟಲ್ಸ್ ಎಂಬ ವಿಜ್ಞಾನಿ ಹುಳುಕಡ್ಡಿ ತಗಲಿಸಿದ ಗಿನಿಪಿಗ್‌ಗಳಿಗೆ ಅದನ್ನು ಬಾಯಿಂದ ಕೊಟ್ಟು ಸೋಂಕು ವಾಸಿಯಾಗುವುದನ್ನು ತೋರಿಸಿದರು. ಗುಟ್ಟು ಇಷ್ಟೇ: ಔಷಧ ಹೊಸದಾಗಿ ಹುಟ್ಟುವ ಕೂದಲು, ಚರ್ಮದ ಕೋಶಗಳೊಳಗೇ ಸೇರಿಕೊಳ್ಳುತ್ತದೆ. ಹೊಸ ಪದರಕ್ಕೆ ಫಂಗಸ್ ಇಳಿಯಲಾರದು, ಹಳೆಯ ಪದರ ಉದುರಿಹೋಗುತ್ತದೆ. ಚರ್ಮವೇ ಇಲ್ಲದ ಪ್ಲೇಟಿನಲ್ಲಿ ಇದು ಹೇಗೆ ಗೊತ್ತಾಗಬೇಕು?

ಆದರೆ ಪ್ರಾಣಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ವೊರಿಕೊನಜೋಲ್ ಎಂಬ ಫಂಗಸ್ ಔಷಧವನ್ನು ಇಲಿಗೆ ಕೊಟ್ಟರೆ ಅದರ ಯಕೃತ್ತು ಔಷಧವನ್ನು ಬೇಗ ಒಡೆದುಹಾಕುತ್ತದೆ. ದಿನ ಕಳೆದಂತೆ ಇನ್ನೂ ಬೇಗ. ಔಷಧ ಸೋತಿತು ಎಂದು ತೀರ್ಮಾನಿಸಿದರೆ ತಪ್ಪು, ರಕ್ತದಲ್ಲಿ ಔಷಧವೇ ಇರಲಿಲ್ಲ. ಅದಕ್ಕೆ ಗಿನಿಪಿಗ್ ಬಳಸುತ್ತಾರೆ, ಇಲ್ಲವೇ ಇಲಿಗೆ ದ್ರಾಕ್ಷಿಹಣ್ಣಲ್ಲದ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸ ಕುಡಿಸಿ ಆ ಒಡೆಯುವಿಕೆಯನ್ನು ತಡೆಯುತ್ತಾರೆ.

ಕ್ಯಾಂಡಿಡಾ ಪ್ರಯೋಗದ ಸಾಮಾನ್ಯ ಕ್ರಮ ಹೀಗೆ. ಸೈಕ್ಲೊಫಾಸ್ಫಮೈಡ್ ಅನ್ನು ಕೆ.ಜಿ.ಗೆ 150 ಮಿಲಿಗ್ರಾಂನಂತೆ ನಾಲ್ಕು ದಿನ ಮೊದಲು, 100ರಂತೆ ಹಿಂದಿನ ದಿನ ಕೊಟ್ಟು ಬಿಳಿ ರಕ್ತಕಣ ಇಳಿಸುತ್ತಾರೆ. ಇಲ್ಲದಿದ್ದರೆ ಗೆದ್ದದ್ದು ಔಷಧವೋ ಇಲಿಯ ರಕ್ಷಣಾ ಶಕ್ತಿಯೋ ಎಂದು ಬಿಡಿಸಲಾಗದು. ಬಾಲದ ರಕ್ತನಾಳಕ್ಕೆ 0.1 ಮಿ.ಲೀ.ನಲ್ಲಿ ಸುಮಾರು ಒಂದು ಲಕ್ಷ ಯೀಸ್ಟ್ ಕೊಟ್ಟು, ಎರಡು ಗಂಟೆಯ ನಂತರ ಔಷಧ ಶುರು. 24 ಗಂಟೆಗೆ ಮೂತ್ರಪಿಂಡ ತೆಗೆದು, ಅರೆದು, ತೆಳು ಮಾಡಿ ಪ್ಲೇಟಿಗೆ ಹರಡಿ ಕಾಲೊನಿ ಎಣಿಸುತ್ತಾರೆ. ಇಲ್ಲಿ ಮೋಸ ಹೋಗುವ ಜಾಗ ಒಂದಿದೆ: ಅರೆದ ಅಂಗದಲ್ಲೇ ಔಷಧ ಉಳಿದಿದ್ದರೆ ಪ್ಲೇಟಿನ ಮೇಲೂ ಅದು ಯೀಸ್ಟನ್ನು ತಡೆದು, ಇಲ್ಲದ ಗೆಲುವನ್ನು ತೋರಿಸುತ್ತದೆ. ಚೆನ್ನಾಗಿ ತೆಳು ಮಾಡಿದ ಪ್ಲೇಟಿನ ಎಣಿಕೆಯನ್ನೇ ಹಿಡಿಯಬೇಕು. ಎಳೆಎಳೆಯಾಗಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟು ಆದರೆ ಕಾಲೊನಿ ಎಣಿಕೆಗೆ ಅರ್ಥವಿಲ್ಲ. ಒಂದು ಉದ್ದನೆಯ ಎಳೆ ಅರೆದಾಗ ಹತ್ತು ತುಂಡಾದರೆ ಹತ್ತು ಕಾಲೊನಿ, ಜಜ್ಜಿಹೋದರೆ ಸೊನ್ನೆ. ಅಲ್ಲಿ ಪಿಸಿಆರ್‌ನಿಂದ ಡಿಎನ್‌ಎ ಅಳೆಯುತ್ತಾರೆ.

ನಿಮ್ಮ ನೋವು ನ್ಯಾಯವಾದದ್ದೇ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ನಮ್ಮ ದೇಶದಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಮೊದಲ ಹಂತದ ಜರಡಿಗೆ ಈಗ ಮೇಣದ ಪತಂಗದ ಹುಳು ಬಂದಿದೆ. ನಮ್ಮ ಜೇನು ಸಾಕುವವರು ಪೆಟ್ಟಿಗೆಯಲ್ಲಿ ಕಂಡು ಶಪಿಸುವ ಅದೇ ಹುಳು. 250ರಿಂದ 350 ಮಿಲಿಗ್ರಾಂ ತೂಗುವ ಕೆನೆಬಣ್ಣದ ಹುಳುವಿನ ಕೊನೆಯ ಕಾಲಿನ ಬುಡಕ್ಕೆ 10 ಮೈಕ್ರೊಲೀಟರ್ ಯೀಸ್ಟ್ ಚುಚ್ಚಿ 37 ಡಿಗ್ರಿಯಲ್ಲಿ ಇಡುತ್ತಾರೆ. ಸೋಂಕು ಏರಿದಂತೆ ಮೈ ಮೊದಲು ಚುಕ್ಕೆ ಚುಕ್ಕೆಯಾಗಿ, ಆಮೇಲೆ ಇಡಿಯಾಗಿ ಕಪ್ಪಾಗುತ್ತದೆ. ಔಷಧ ಹಿಡಿದರೆ ಬಣ್ಣ ಉಳಿಯುತ್ತದೆ. ಇಲ್ಲಿ ಸೋತ ಔಷಧಗಳು ಇಲಿಯವರೆಗೆ ಹೋಗಬೇಕಾಗಿಲ್ಲ.

ಪ್ರಶ್ನೆ: ಕರುಗಳ ಕಣ್ಣ ಸುತ್ತ, ಕುತ್ತಿಗೆಯಲ್ಲಿ ಬೂದಿ ಬಣ್ಣದ ಹಕ್ಕಳೆ. ಲ್ಯಾಬಿಗೆ ಕಳಿಸಿದ ಮಾದರಿಯಲ್ಲಿ ‘ಫಂಗಸ್ ಬೆಳೆದಿಲ್ಲ’ ಎಂದು ಬಂತು. (ಹಾಸನ ಜಿಲ್ಲೆ)

ಉತ್ತರ: ಬೆಳೆಯದಿದ್ದರೆ ಇಲ್ಲವೆಂದಲ್ಲ. ದನಗಳಲ್ಲಿ ಹೆಚ್ಚಾಗಿ ಕಾಣುವ ಟ್ರೈಕೊಫೈಟಾನ್ ವೆರುಕೋಸಂ ತೀರಾ ಹಟಮಾರಿ. ಮಾಮೂಲಿ ಸಬುರೊ ಅಗರ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ ಏಳುವುದೇ ಕಷ್ಟ. ಅದಕ್ಕೆ ಥಯಮಿನ್ ಬೇಕು, ಕೆಲವಕ್ಕೆ ಇನೋಸಿಟಾಲ್ ಕೂಡ. 37 ಡಿಗ್ರಿ ಬೇಕು. ಮೂರು ನಾಲ್ಕು ವಾರ ಕಾಯಬೇಕು. ಲ್ಯಾಬಿಗೆ ‘ದನದ ಮಾದರಿ’ ಎಂದು ಬರೆದು ಕೊಡಿ, ಅವರು ಅದಕ್ಕೆ ತಕ್ಕಂತೆ ಇಡುತ್ತಾರೆ.

ಮಾದರಿ ತೆಗೆಯುವಾಗ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಹಕ್ಕಳೆಯ ನಡುವಿನಿಂದ ಅಲ್ಲ, ಅಂಚಿನಿಂದ ಕೆರೆಯಿರಿ. ಮುರಿದ ಮೋಟು ಕೂದಲನ್ನು ಬುಡಸಮೇತ ಕೀಳಿ. ಕಪ್ಪು ಕಾಗದದ ಮೇಲೆ ಬೀಳಿಸಿದರೆ ಬಿಳಿ ಹೊಟ್ಟು ಎಷ್ಟು ಬಂತು ಎಂದು ಕಾಣುತ್ತದೆ; ಹಾಗೇ ಮಡಚಿ ಕೊಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಬೆವೆತು ಬ್ಯಾಕ್ಟೀರಿಯಾ ಮುತ್ತುತ್ತವೆ. ಕಲ್ಚರಿಗೆ ಕಾಯುವಾಗ ಶೇ. 10ರಿಂದ 20ರ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿಯಲ್ಲಿ ಕೂದಲನ್ನು ಇಪ್ಪತ್ತು ನಿಮಿಷ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸರ ಪೋಣಿಸಿದಂತೆ ಕಣಗಳು ಕಾಣುತ್ತವೆ. ಚಿಕಿತ್ಸೆಗೆ ಅಷ್ಟೇ ಸಾಕು.

ಎರಡು ನಾಲ್ಕು ತಿಂಗಳಲ್ಲಿ ಬಹುಪಾಲು ಕರುಗಳಲ್ಲಿ ತಾನೇ ಮಾಯುತ್ತದೆ. ಬೇರೆ ಕಟ್ಟಿ, ಬಿಸಿಲು ತಾಗಲಿ, ಪಶುವೈದ್ಯರು ಕೊಟ್ಟದ್ದನ್ನು ಹಚ್ಚಿ. ನುಂಗಿಸುವ ಮಾತ್ರೆಯನ್ನು ಹಾಲು ಕೊಡುವ ಅಥವಾ ಗಬ್ಬದ ದನಕ್ಕೆ ನೀವಾಗಿ ಕೊಡಬೇಡಿ. ಕೊಟ್ಟಿಗೆಯ ಗೂಟ, ಬಾನಿ ತೊಳೆಯಿರಿ. ಉದುರಿದ ಹಕ್ಕಳೆಯಲ್ಲಿ ಕಣಗಳು ವರ್ಷಗಟ್ಟಲೆ ಬದುಕಿರುತ್ತವೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಇದು ಮನೆಯವರಿಗೂ ಹಿಡಿಯುತ್ತದೆ.

ಪ್ರಶ್ನೆ: 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಆಂಫೊಟೆರಿಸಿನ್‌ಗೇ ಯಾಕೆ ಎಲ್ಲರೂ ಪರದಾಡಿದರು? ವೊರಿಕೊನಜೋಲ್ ಇತ್ತಲ್ಲ? (ಕಲಬುರಗಿ)

ಉತ್ತರ: ಬ್ಲ್ಯಾಕ್ ಫಂಗಸ್ ರೋಗ ತರುವ ಮ್ಯೂಕರ್ ಗುಂಪಿನ ಫಂಗಸ್ ವೊರಿಕೊನಜೋಲ್‌ಗೆ ಬಗ್ಗುವುದಿಲ್ಲ, ಗಾಜಿನಲ್ಲೂ ಇಲ್ಲ, ಇಲಿಯಲ್ಲೂ ಇಲ್ಲ. ಔಷಧ ಹಿಡಿಯಬೇಕಾದ ಕಿಣ್ವದ ರಚನೆಯೇ ಅದರಲ್ಲಿ ಬೇರೆ. ಸಕ್ಕರೆ ಏರಿಸಿ ರಕ್ತವನ್ನು ಹುಳಿಯಾಗಿಸಿದ ಇಲಿಗಳಲ್ಲಿ ಈ ಸೋಂಕು ಕಾಡ್ಗಿಚ್ಚಿನಂತೆ ಹರಡುತ್ತದೆ. ರಕ್ತ ಹುಳಿಯಾದಾಗ ಪ್ರೊಟೀನಿಗೆ ಅಂಟಿಕೊಂಡ ಕಬ್ಬಿಣ ಬಿಡುಗಡೆಯಾಗಿ ಫಂಗಸ್ಸಿಗೆ ಆಹಾರವಾಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಕಂಡದ್ದೂ ಹೆಚ್ಚಾಗಿ ಮಧುಮೇಹಿಗಳಲ್ಲೇ. ರಕ್ತನಾಳ ಮುಚ್ಚಿಹೋದ ಸತ್ತ ಭಾಗಕ್ಕೆ ಯಾವ ಔಷಧವೂ ತಲುಪದು, ಆದ್ದರಿಂದಲೇ ಶಸ್ತ್ರಕ್ರಿಯೆ. ಸಾದಾ ಆಂಫೊಟೆರಿಸಿನ್ ದಿನಕ್ಕೆ ಕೆ.ಜಿ.ಗೆ 1 ಮಿಲಿಗ್ರಾಂ ಆಸುಪಾಸಿನಲ್ಲೇ ಮೂತ್ರಪಿಂಡ ಕೆಡಿಸುತ್ತದೆ. ಕೊಬ್ಬಿನ ಗುಳ್ಳೆಯಲ್ಲಿಟ್ಟ ಲಿಪೊಸೋಮಲ್ ರೂಪವನ್ನು 5 ಮಿಲಿಗ್ರಾಂ, ಬೇಕಾದರೆ ಮೇಲಕ್ಕೂ ಕೊಡಬಹುದು. ಎರಡನ್ನೂ ಶೇ. 5ರ ಡೆಕ್ಸ್‌ಟ್ರೋಸಿನಲ್ಲೇ ಬೆರೆಸಬೇಕು, ಸಲೈನಿನಲ್ಲಿ ಬೆರೆಸಿದರೆ ಗಸಿಯಾಗಿ ಕೆಳಗೆ ಕೂರುತ್ತದೆ.

ಪ್ರಶ್ನೆ: ಅಡಿಕೆ ಕೊಳೆರೋಗವೂ ಫಂಗಸ್ ತಾನೆ? ಫ್ಲುಕೊನಜೋಲ್ ಮಾತ್ರೆ ಕರಗಿಸಿ ಹೊಡೆದರೆ ಹೇಗೆ? (ತೀರ್ಥಹಳ್ಳಿ)

ಉತ್ತರ: ಬೇಡ. ಕೊಳೆ ತರುವ ಫೈಟೊಫ್ತೋರಾ ನೋಡಲು ಬೂಷ್ಟಿನಂತಿದ್ದರೂ ಕುಲದಲ್ಲಿ ಫಂಗಸ್ ಅಲ್ಲ, ಪಾಚಿಗಳಿಗೆ ಹತ್ತಿರದ ಜೀವಿ. ಫ್ಲುಕೊನಜೋಲ್ ಕೆಡಿಸುವುದು ಫಂಗಸ್ ತನ್ನ ಪೊರೆಗಾಗಿ ತಯಾರಿಸುವ ಎರ್ಗೊಸ್ಟೆರಾಲನ್ನು. ಫೈಟೊಫ್ತೋರಾ ಅದನ್ನು ತಯಾರಿಸುವುದೇ ಇಲ್ಲ. ಮಾತ್ರೆಗೆ ಅಲ್ಲಿ ಕೆಲಸವಿಲ್ಲ. ಅಷ್ಟೇ ಅಲ್ಲ, ಬಯಲಲ್ಲಿ ಅಜೋಲ್, ಅಂದರೆ ಫ್ಲುಕೊನಜೋಲ್ ಗುಂಪಿನ ಔಷಧ ಚೆಲ್ಲಿದರೆ ಮಣ್ಣಿನ ಆಸ್ಪರ್ಜಿಲಸ್ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೃಷಿಯ ಅಜೋಲ್‌ಗಳಿಂದ ಹೀಗೆ ಒಗ್ಗಿದ ತಳಿಗಳು ರೋಗಿಗಳ ಶ್ವಾಸಕೋಶದಲ್ಲೂ ಸಿಕ್ಕಿವೆ.

ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದ ಕಾಲದಿಂದ ಇಂದಿನವರೆಗೂ ಕೈಹಿಡಿದಿರುವುದು ಶೇ. 1ರ ಬೋರ್ಡೊ ದ್ರಾವಣ. 1 ಕೆ.ಜಿ. ಮೈಲುತುತ್ತ 50 ಲೀಟರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ; ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ ಕಲಕಿ. ಕಬ್ಬಿಣದ ಪಾತ್ರೆ ಬೇಡ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ, ಗೊನೆ ಪೂರ್ತಿ ನೆನೆಯುವಂತೆ ಹೊಡೆಯಿರಿ. ಹೊಡೆಯುವ ಮುನ್ನ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಗೊನೆ ಸುಡುತ್ತದೆ; ಕೂರುವುದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಿ, ಅವತ್ತೇ ಹೊಡೆದು ಮುಗಿಸಿ.